ನಾಲ್ಕು ಸಾಲಿನ ಮೇಡಂ

ಮಕ್ಕಳು ಆಕೆಗಿಟ್ಟ ಹೆಸರು 'ನಾಲ್ಕು ಸಾಲಿನ ಮೇಡಂ'. ದಪ್ಪ ಪುಸ್ತಕ ಕಂಡರೆ ಆಕೆಗೆ ಅಷ್ಟಕ್ಕಷ್ಟೇ. ಔಷಧಿ ಚೀಟಿ, ಬಾಡಿಗೆ ಮನೆಯ ಜಾಹೀರಾತು, ಯಾರದೋ ಹಳೇ ಪತ್ರ, ಏನು ಸಿಕ್ಕಿದರೂ ಸರಿ, ನಾಲ್ಕು ಸಾಲು ಬೋರ್ಡಿನ ಮೇಲೆ ಬರೆದು ಮೂರು ಪ್ರಶ್ನೆ ಕೇಳುವುದು. ಏನು ಹೇಳಿದೆ? ಏನು ಹೇಳಿಲ್ಲ? ಹೇಳುವಾಗ ಪಕ್ಕದಲ್ಲಿ ಯಾರಿದ್ದರು? ಇಪ್ಪತ್ತೆರಡು ವರ್ಷದಿಂದ ಇದೇ ರಾಗ. "ಇದೇನು ಪಾಠವೋ ಪತ್ತೇದಾರಿಯೋ!" ಅಂತ ಜೊತೆಯ ಮೇಷ್ಟ್ರುಗಳು ಕಿಚಾಯಿಸುತ್ತಿದ್ದರು.

ಆವತ್ತು ಒಂಬತ್ತನೇ ಕ್ಲಾಸಿಗೆ ಬಂದು ನೋಡಿದರೆ, ಪಾಠಕ್ಕೆಂದು ತೆಗೆದಿಟ್ಟ ಚೀಟಿ ಮನೆಯಲ್ಲೇ ಉಳಿದಿದೆ. ಬ್ಯಾಗ್ ತಡಕಾಡಿದಾಗ ತಂಗಿ ಬೆಳಿಗ್ಗೆ ಊಟದ ಡಬ್ಬಿಯ ಕೆಳಗೆ ಇಟ್ಟುಹೋದ ಕಾಗದ ಸಿಕ್ಕಿತು. ಗಂಡನ ಹೊಡೆತ ತಾಳಲಾರದೆ ಓಡಿಬಂದ ತಂಗಿ, ಎಂಟು ತಿಂಗಳಿಂದ ಅಕ್ಕನ ಜೊತೆಗೇ ಇದ್ದಳು. ಹೊಲಿಗೆ ಅಂಗಡಿಗೆ ಬೇಗ ಹೋಗುವ ದಿನ ಹೀಗೇ ಏನಾದರೂ ಗೀಚಿಡುತ್ತಿದ್ದಳು. ಮೇಡಂ ಚಪ್ಪಲಿ ಮೆಟ್ಟುತ್ತಾ ಅದರ ಮೇಲೆ ಕಣ್ಣಾಡಿಸಿ ಬ್ಯಾಗಿಗೆ ತುರುಕಿದ್ದಳು, ಅಷ್ಟೇ. ಇದೇ ಸಾಕು ಅಂತ ಬೋರ್ಡಿನ ಮೇಲೆ ಬರೆದಳು.

"ಅಕ್ಕಾ, ಡಬ್ಬಿ ಕಟ್ಟಿದೀನಿ. ನಾಳೆಯಿಂದ ಗಿಡಕ್ಕೆ ನೀನೇ ನೀರು ಹಾಕು. ಬೀಗದ ಕೈ ಎರಡೂ ಮೊಳೆಗೆ ನೇತುಹಾಕಿದೀನಿ. ಸಿಟ್ಟಾಗಬೇಡ."

"ಏನು ಹೇಳಿದೆ?"

"ನೀರು ಹಾಕ್ಬೇಕು ಅಂತ ಮಿಸ್!" ಹಿಂದಿನ ಬೆಂಚು ಗೊಳ್ಳೆಂದಿತು.

ಕಿಟಕಿ ಪಕ್ಕದ ಹುಡುಗಿ, ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವಂಥವಳು, ಎದ್ದು ನಿಂತಳು. "ಎರಡು ಕೀನೂ ಇಟ್ಟು ಹೋದ್ರೆ ಸಂಜೆ ಒಳಗೆ ಹೇಗೆ ಬರ್ತಾರೆ ಮಿಸ್?"

"ಬರಲ್ಲ ಕಣೇ," ಅಂದಳು ಪಕ್ಕದವಳು. "ನಾಳೆಯಿಂದ ಅಂದಿದಾರಲ್ಲ. ಬಿಟ್ಟೇ ಹೋಗಿದಾರೆ."

ಮೇಡಂ ಬೋರ್ಡಿನ ಕಡೆ ತಿರುಗಿ ಮತ್ತೊಮ್ಮೆ ಓದಿದಳು. ಊರ ಮಕ್ಕಳಿಗೆಲ್ಲ ಓದು ಕಲಿಸುವವಳು ಮನೆಯ ನಾಲ್ಕು ಸಾಲು ಓದಲಿಲ್ಲವಲ್ಲ, ಥೂ! ಮೊನ್ನೆ ತಂಗಿಯ ಮೇಲೆ ರೇಗಿ, "ಇನ್ನೆಷ್ಟು ದಿನ ನಿನ್ನ ಕಾಯ್ಲಿ?" ಅಂದುಬಿಟ್ಟಿದ್ದಳು. ಅದೂ ಈಗ ನೆನಪಾಗಬೇಕೆ.

ವರಾಂಡಕ್ಕೆ ಓಡಿ ಫೋನ್ ಮಾಡಿದಳು. ಹೊಲಿಗೆ ಅಂಗಡಿಯವರು, "ಇವತ್ತು ಬಂದೇ ಇಲ್ವಲ್ಲ" ಅಂದರು. ತಂಗಿಯ ನಂಬರಿಗೆ ಮಾಡಿದರೆ ಎತ್ತಿದ್ದು ಅವಳ ಗಂಡ.

"ಏನತ್ತಿಗೆ, ಕ್ಲಾಸಿಲ್ವಾ?" ದನಿ ಬೆಣ್ಣೆಯ ಹಾಗಿತ್ತು. "ಬಂದಿದಾಳೆ. ತಗೊಳ್ಳಿ, ನೀವೇ ಕೇಳಿ."

ಫೋನ್ ಕೈ ಬದಲಾಯಿತು. ಆಮೇಲೆ ತಂಗಿಯ ದನಿ, ಪಾಠ ಒಪ್ಪಿಸಿದಂತೆ: "ಅಕ್ಕಾ, ನಾನು ಚೆನ್ನಾಗಿದೀನಿ. ಎಲ್ಲಾ ಸರಿಹೋಗಿದೆ. ನೀನು ಬರೋದು ಬೇಡ. ಫೋನೂ ಮಾಡ್ಬೇಡ."

ನಾಲ್ಕೇ ಸಾಲು. ಮೂರನೆಯ ಪ್ರಶ್ನೆಯ ಉತ್ತರ ಫೋನಿನ ಆ ಕಡೆ ಜೋರಾಗಿ ಉಸಿರಾಡುತ್ತಿತ್ತು.  ಮೇಡಂ ದನಿ ನಡುಗದಂತೆ ನೋಡಿಕೊಂಡಳು.

"ಸರಿ ಕಣೇ. ಗಿಡಕ್ಕೆ ನೀರು ಹಾಕ್ತೀನಿ ಬಿಡು."

ಫೋನ್ ಇಟ್ಟವಳೇ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದಳು. "ಸಾರ್, ಪೊಲೀಸರಿಗೆ ಫೋನ್ ಮಾಡಿ. ಬೇಗ. ನನ್ನ ತಂಗಿ ನನ್ನ ಕರೀತಿದಾಳೆ."