ನಾವು ಉಣ್ತೀವ್ರಿ

ನನ್ನ ಊಟದ ವಿಷಯದಲ್ಲಿ ನಾನು ದೊಡ್ಡ ಸುಳ್ಳುಗಾತಿಯಾಗಿದ್ದೆ. ಜಮಖಂಡಿಯ ಡಾಕ್ಟರು ‘ಸಿಹಿ ತಿಂತೀರೇನ್ರಿ?’ ಎಂದು ಕೇಳಿದರೆ ‘ಛೇ, ಮುಟ್ಟೂದಿಲ್ರಿ’ ಎಂದು ಹೇಳಿ ಬರುತ್ತಿದ್ದೆ. ಮನೆಗೆ ಬಂದವಳೇ ಡಬ್ಬಿಯ ಮುಚ್ಚಳ ತೆಗೆದು, ನಿಂತ ಕಾಲಲ್ಲೇ ಎರಡು ಶೇಂಗಾ ಉಂಡಿ ಮುಗಿಸುತ್ತಿದ್ದೆ. ಕೂತು ತಿಂದರಷ್ಟೇ ತಿಂದಂತೆ, ನಿಂತು ತಿಂದದ್ದು ಲೆಕ್ಕಕ್ಕಿಲ್ಲ ಎಂಬುದು ನನ್ನ ಶಾಸ್ತ್ರವಾಗಿತ್ತು. ಇಂಥವಳಿಗೆ ಮಂದಿಯ ಊಟದ ಖರೆ-ಸುಳ್ಳು ಪರೀಕ್ಷಿಸುವ ಕೆಲಸ ಸಿಕ್ಕಿತ್ತು, ನೋಡಿ!

ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೆ. ‘ನೀವು ಸಾಮಾನ್ಯವಾಗಿ ಏನೇನು ತಿನ್ನುತ್ತೀರಿ?’ ಎಂದು ಕೇಳುವ ಉದ್ದದ ಪ್ರಶ್ನಾವಳಿಯೊಂದು ಆಹಾರ ಸಮೀಕ್ಷೆಗೆಂದು ತಯಾರಾಗಿತ್ತು. ಅದನ್ನು ನಂಬಬಹುದೋ ಇಲ್ಲವೋ ನೋಡಬೇಕು. ಮೊದಲು ಕೇಳಿ ಗುರುತು ಹಾಕುವುದು. ಆಮೇಲೆ ಅದೇ ಮನೆಯಲ್ಲಿ ಮೂರು ದಿನ ತಕ್ಕಡಿ ಇಟ್ಟುಕೊಂಡು ಕೂತು, ತಾಟಿಗೆ ಬಿದ್ದದ್ದನ್ನೆಲ್ಲ ತೂಗುವುದು. ವರ್ಷ ಬಿಟ್ಟು ಮತ್ತೆ ಅದನ್ನೇ ಕೇಳುವುದು. ಮೂರೂ ತಾಳೆಯಾದರೆ ಪ್ರಶ್ನಾವಳಿ ಪಾಸು. ಕಟ್ಟುನಿಟ್ಟು ಒಂದೇ: ತೂಗುವವರು ಯಾರಿಗೂ ‘ಇನ್ನೊಂದು ರೊಟ್ಟಿ ತಿನ್ನು’ ಎನ್ನಬಾರದು. ಅಂದರೆ ಅಂಕಿ ಕೆಡುತ್ತದೆ.

ಶಾಂತವ್ವ ಬನಹಟ್ಟಿಯ ಒಂದು ನೇಕಾರರ ಮನೆಯ ಸೊಸೆ. ಆಗ ಐದು ತಿಂಗಳ ಬಸುರಿ. ಮಗ್ಗದ ಸದ್ದಿನಲ್ಲಿ ನಾನು ಕೂಗಿ ಕೂಗಿ ಕೇಳಿದೆ. ಆಕೆ ಕಂಡಿಕೆಗೆ ನೂಲು ಸುತ್ತುತ್ತಲೇ ಪಟಪಟ ಉತ್ತರ ಕೊಟ್ಟಳು. ‘ದಿನಾ ರೊಟ್ಟಿ ತಿಂತೀವ್ರಿ. ಹಾಲ ಕುಡಿತೀವ್ರಿ. ಕಾಳಪಲ್ಯ, ಮೊಸರು ಎಲ್ಲಾ ಉಣ್ತೀವ್ರಿ. ನಮಗ ಏನೂ ಕಡಿಮಿ ಇಲ್ರಿ ಅಕ್ಕಾರ.’ ನಾನು ಖುಷಿಯಿಂದ ‘ದಿನಾಲೂ’ ಎಂಬ ಸಾಲಿನುದ್ದಕ್ಕೂ ಗುರುತು ಹಾಕಿದೆ. ಜೀವನವೆಲ್ಲ ಪಾಠ ಹೇಳಿದವಳಿಗೆ ಏಕವಚನ-ಬಹುವಚನದ ವ್ಯತ್ಯಾಸ ಹೊಳೆಯಲಿಲ್ಲ.

ತಕ್ಕಡಿಗೆ ಹೊಳೆಯಿತು. ಹಾಲು ಕುಡಿದವರು ಗಂಡ ಮತ್ತು ಮಾವ. ಮೊಸರು ಅತ್ತೆಯ ಪಾಲು. ಎಲ್ಲರದೂ ಮುಗಿದ ಮೇಲೆ ಶಾಂತವ್ವ ಕೂತಾಗ ಬುಟ್ಟಿಯಲ್ಲಿ ಒಂದು ರೊಟ್ಟಿ, ಗಡಿಗೆಯ ತಳದಲ್ಲಿ ಪಲ್ಯದ ರಸ. ಅದರ ಮೇಲೆ ಅರ್ಧ ಕಪ್ ಚಹಾ. ಮೂರು ದಿನವೂ ಹೀಗೇ. ಅತ್ತೆ ಕೆಟ್ಟವರಲ್ಲ. ‘ನಮ್ಮನ್ಯಾಗ ಯಾರೂ ಉಪಾಸ ಇರೂದಿಲ್ರಿ’ ಎಂದು ಅಭಿಮಾನದಿಂದಲೇ ಹೇಳಿದರು. ಸೊಸೆಯಾಗಿ ಬಂದಾಗ ಅವರೂ ಹೀಗೇ ಉಂಡಿದ್ದರಂತೆ. ಆ ಮನೆಯಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಶಾಂತವ್ವನ ‘ನಾವು’ ಎಂಬುದರಲ್ಲಿ ಶಾಂತವ್ವನೊಬ್ಬಳನ್ನು ಬಿಟ್ಟು ಎಲ್ಲರೂ ಇದ್ದರು, ಅಷ್ಟೆ.

ನಾನು ತೂಗಿದೆ, ಬರೆದುಕೊಂಡೆ. ಕೊನೆಯ ದಿನ ನನ್ನ ಚೀಲದಲ್ಲಿ ನಾಲ್ಕು ಶೇಂಗಾ ಉಂಡಿ ಇದ್ದವು. ಆಕೆಗೆ ಕೊಡಲಿಲ್ಲ. ಅಂಕಿ ಕೆಡಬಾರದಲ್ಲ! ಜಮಖಂಡಿಯ ಬಸ್ಸಿನಲ್ಲಿ ಸೀಟು ಸಿಗದೆ, ನಿಂತುಕೊಂಡೇ ನಾನೇ ತಿಂದೆ.

ಏಳು ತಿಂಗಳಿಗೇ ಹೆರಿಗೆಯಾಗಿ ಕೂಸು ಉಳಿಯಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾಲ್ಕು ಉಂಡಿಯಿಂದ ಕೂಸು ಉಳಿಯುತ್ತಿತ್ತು ಎಂದು ಯಾವ ಡಾಕ್ಟರೂ ಹೇಳಲಾರರು. ನಾನೂ ಹೇಳುತ್ತಿಲ್ಲ. ಆದರೆ ಅಂದಿನಿಂದ ನಾನು ಶೇಂಗಾ ಉಂಡಿ ಮುಟ್ಟಿಲ್ಲ. ಡಾಕ್ಟರಿಗೆ ಹೇಳುತ್ತಿದ್ದ ಸುಳ್ಳು ಹೀಗೆ ಖರೆಯಾಯಿತು.

ವರ್ಷ ತುಂಬಿದ ಮೇಲೆ ಮತ್ತೆ ಹೋದೆ. ಅದೇ ಮಗ್ಗದ ಸದ್ದು, ಅದೇ ಕಂಡಿಕೆ. ಶಾಂತವ್ವ ಇನ್ನಷ್ಟು ಬಡವಾಗಿದ್ದಳು. ‘ದಿನಾ ರೊಟ್ಟಿ ತಿಂತೀವ್ರಿ, ಹಾಲ ಕುಡಿತೀವ್ರಿ’ ಎಂದು ಶುರು ಮಾಡಿದಳು. ಒಂದಕ್ಷರ ತಪ್ಪಿಲ್ಲ. ತಕ್ಕಡಿಯ ಮಾತು ಬಿಟ್ಟರೆ, ಹಳೆಯ ಉತ್ತರಕ್ಕೂ ಹೊಸದಕ್ಕೂ ಇಷ್ಟು ಚೆಂದ ಹೊಂದಿಕೆಯಾದರೆ ಪ್ರಶ್ನಾವಳಿಗೆ ಪೂರ್ತಿ ಅಂಕ ಕೊಡಬೇಕು. ನನ್ನ ಕೈ ಏಳಲಿಲ್ಲ.

‘ಅವರೆಲ್ಲಾ ಇರ್ಲಿ ಯವ್ವಾ. ನೀ ಏನ್ ತಿಂದಿ ಇವತ್ತ?’

ನೂಲು ಸುತ್ತುವ ಕೈ ನಿಂತಿತು. ಹಿಂದೆ ಯಾರೋ ಬಂದಿರಬೇಕು ಎಂದು ಆಕೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

‘ನನ್ನ ಕೇಳಾಕತ್ತೀರೇನ್ರಿ?’

ಹೌದೆಂದೆ. ಕಂಡಿಕೆ ಕೆಳಗಿಟ್ಟು, ‘ನೆನಪಿಲ್ರಿ’ ಎಂದಳು.

ಆ ಉತ್ತರಕ್ಕೆ ಪ್ರಶ್ನಾವಳಿಯಲ್ಲಿ ಗುರುತು ಹಾಕುವ ಮನೆಯೇ ಇಲ್ಲ. ಪೆನ್ನು ಮುಚ್ಚಿದೆ. ‘ಎರಡು ತಾಟ ಹಚ್ರಿ, ನನಗ ಹಸಿವಾಗೇತಿ. ಒಬ್ಬಾಕಿ ಕುಂತು ಉಣ್ಣೂದು ನನಗ ರೂಢಿ ಇಲ್ಲ’ ಎಂದು ಅತ್ತೆಗೆ ಕೂಗಿ ಹೇಳಿದೆ. ಮನೆಗೆ ಬಂದವರು ಹಸಿವು ಎಂದ ಮೇಲೆ ಅವರಾದರೂ ಏನು ಮಾಡಿಯಾರು? ಗಂಡಸರದು ಇನ್ನೂ ಆಗಿರಲಿಲ್ಲ. ಆದರೂ ಬುಟ್ಟಿಯ ಮೇಲಿನ ಬಿಸಿ ರೊಟ್ಟಿ ತೆಗೆದು, ಮೊಸರು ಹಾಕಿ, ಇಬ್ಬರಿಗೂ ಬಡಿಸಿದರು. ಶಾಂತವ್ವ ತಲೆ ಬಗ್ಗಿಸಿ ಮೂರು ರೊಟ್ಟಿ ಉಂಡಳು. ನಾನು ತೂಗಲಿಲ್ಲ.

ಆ ಮನೆಯ ಅಂಕಿಯನ್ನು ಕೈಯಾರೆ ಕೆಡಿಸಿ ಬಂದೆ. ಒಂದು ವರ್ಷ ತಡವಾಗಿ.