ಯಾರ ಬಲಕ್ಕೆ ಬಿದ್ದ ಹೂ

ಇಲ್ಲಿ ಬರೆಯುವುದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಬೇಕಾದ ದಿನದ ಪುಟ ಯಾವಾಗಲೂ ಖಾಲಿ ಇರುತ್ತದೆ, ಇಲ್ಲವೇ ‘ಮಳೆ, ತಲೆನೋವು’ ಎಂದಷ್ಟೇ ಇರುತ್ತದೆ. ಆ ದಿನದ ಸೇವಂತಿಗೆ ಹಳದಿಯದೋ ಬಿಳಿಯದೋ, ಖಚಿತವಿಲ್ಲ. ಕಣ್ಣು ಮುಚ್ಚಿದರೆ ಹಳದಿ ಕಾಣುತ್ತದೆ, ಹಾಗಾಗಿ ಹಳದಿ ಎಂದು ಬರೆಯುತ್ತೇನೆ. ಕಣ್ಣು ಮುಚ್ಚಿದಾಗ ಕಾಣುವುದೆಲ್ಲ ಒಮ್ಮೆ ಕಣ್ಣಾರೆ ಕಂಡದ್ದೇ ಎಂದು ಹೇಳುವ ಧೈರ್ಯ ಈಗ ನನಗಿಲ್ಲ.

ನಮ್ಮ ಮನೆಯಲ್ಲಿ ದೊಡ್ಡ ಕೆಲಸಕ್ಕೆ ಮೊದಲು ಹೂ ಹಚ್ಚಿ ಕೇಳುತ್ತಿದ್ದರು. ದೇವರ ಜಗಲಿಯ ಮೇಲಿನ ದೇವಿಯ ಬೆಳ್ಳಿ ಮುಖಕ್ಕೆ ನೀರಿನಲ್ಲಿ ಅದ್ದಿದ ಹೂಗಳನ್ನು ಎರಡೂ ಬದಿಗೆ ಅಂಟಿಸಿ ಕೈಮುಗಿದು ಕೂರುವುದು. ಬಲಗಡೆಯ ಹೂ ಮೊದಲು ಬಿದ್ದರೆ ಅಪ್ಪಣೆ ಆಯಿತು, ಎಡಗಡೆಯದು ಬಿದ್ದರೆ ಇಲ್ಲ. ನನಗೆ ಡಚ್ಚರ ದೇಶದ ಊಟ್ರೆಕ್ಟ್‌ನಲ್ಲಿ ಸಂಶೋಧನೆಗೆ ಸೀಟು ಸಿಕ್ಕಾಗ ಅವ್ವ ಹೀಗೆಯೇ ಕೇಳಿದಳು. ಪಕ್ಕದಲ್ಲಿ ಅವ್ವನ ತಂಗಿ ಚಿಗವ್ವ ಇದ್ದಳು, ಹಿಂದೆ ನಾನು. ಹೂ ಬಿತ್ತು. ನಾನು ಬಗ್ಗಿ ನೋಡುವಷ್ಟರಲ್ಲಿ ಅವ್ವ ಅದನ್ನೆತ್ತಿ ನನ್ನ ಜಡೆಗೆ ಮುಡಿಸಿಯಾಗಿತ್ತು.

“ಬಲಕ್ಕ ಕೊಟ್ಲು ನೋಡು ನಮ್ಮವ್ವ. ಹೋಗಿ ಬಾ,” ಎಂದಳು.

ಒಂಬತ್ತು ವರ್ಷಗಳ ನಂತರ ಅವ್ವ ಹೋದಾಗ ನಾನು ಅವಳ ಮಣ್ಣಿಗೆ ಮುಟ್ಟಲಿಲ್ಲ. ಊರಿಗೆ ತಲುಪಿದ್ದು ಮರುದಿನ ಮಧ್ಯಾಹ್ನ. ಅದಕ್ಕೂ ಹಿಂದಿನ ಭಾನುವಾರ “ಯಾವಾಗ ಬರ್ತಿ?” ಎಂದು ಅವ್ವ ಕೇಳಿದ್ದಳು. “ಡಿಸೆಂಬರಕ್ಕ ಬರ್ತೀನಬೇ, ಈಗ ರಜಾ ಸಿಗಂಗಿಲ್ಲ,” ಎಂದಿದ್ದೆ. ವಾಪಸು ಬಂದ ಮೇಲೆ ಊಟ್ರೆಕ್ಟ್ ಹತ್ತಿರದ ಆಮರ್ಸ್‌ಫೋರ್ಟ್‌ನ ನಮ್ಮ ಮನೆಯ ದೇವರ ಮುಂದೆ ಕೂರಲು ನನ್ನಿಂದಾಗಲಿಲ್ಲ. ದೀಪ ಹಚ್ಚಲು ಹೋದರೆ ಕೈ ಹಿಂದೆ ಬರುತ್ತಿತ್ತು. ದೇವಿ ಹೋಗು ಎಂದಿದ್ದಳು, ಅವಳ ಮಾತು ಮೀರಿ ಬಂದವಳಲ್ಲ ನಾನು. ಹಿಡಿದುಕೊಳ್ಳಲು ಇದ್ದ ಸಮಾಧಾನ ಅದೊಂದೇ.

ಪಕ್ಕದ ಮನೆಯಾಕೆ ನಿವೃತ್ತ ನರ್ಸ್. ಎಪ್ಪತ್ತರ ಹತ್ತಿರ ಇರಬೇಕು, ಕೇಳಿಲ್ಲ. ನನ್ನೊಡನೆ ಇಂಗ್ಲಿಷ್ ಮಾತಾಡುತ್ತಾಳೆ, ಆದರೆ ಪ್ರತಿ ಮಾತಿನ ತುದಿಗೂ ಡಚ್ಚಿನ ‘ಹೋರ್’ ಅಂಟಿಸುತ್ತಾಳೆ. ನಮ್ಮ ಕಡೆ ‘ನೋಡವಾ’ ಎಂದು ಅಂಟಿಸಿದ ಹಾಗೆ. ಒಂದು ಶನಿವಾರ ಬೆಳಿಗ್ಗೆ, ನನಗೆ ಬಂದ ಪಾರ್ಸೆಲ್ ಅವಳಲ್ಲಿ ಇದೆಯೆಂದು ತರಲು ಹೋದೆ. ಅಡಿಗೆಮನೆಯ ಮೇಜಿನ ಮೇಲೆ ಒಂದು ಬಟ್ಟೆಯ ಚೀಲ, ಅದರ ಪಕ್ಕ ಹೆಬ್ಬೆರಳಿನಷ್ಟು ಉದ್ದದ ಮರದ ತುಂಡುಗಳು. ಒಂದೊಂದರ ಮೇಲೂ ಚಾಕುವಿನಿಂದ ಕೆತ್ತಿದ ಗೆರೆಗಳು.

“ರೂನ್‌ಗಳು,” ಎಂದಳು. “ಬಡಗಣ ದೇಶಗಳ ಹಳೆಯ ಅಕ್ಷರ. ನನ್ನ ಗಂಡ ಸತ್ತ ವರ್ಷ ಹಿತ್ತಲಿನ ಪೇರ್ ಮರ ಬಿತ್ತು, ಅದರ ಕೊಂಬೆಯಲ್ಲಿ ಮಾಡಿಕೊಂಡೆ. ಒಂದು ತೆಗೆ. ಏನಾದರೂ ಕೇಳಿಕೊಂಡು ತೆಗೆ.” ಕೂಡಲೇ ಸಂಕೋಚದಿಂದ, “ನಾಜಿ ಮನಸ್ಸಿನ ಕೆಲವು ಕೆಟ್ಟ ಜನ ಈ ಅಕ್ಷರಗಳನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡು ತಿರುಗುತ್ತಾರೆ. ನಾನು ಅಂಥವಳಲ್ಲ, ಹೋರ್,” ಎಂದಳು.

ನಮ್ಮ ಗ್ರೈಂಡರಿಗೆ ಅವ್ವ ಕುಂಕುಮದಿಂದ ಸ್ವಸ್ತಿಕ ಬರೆದು ಕಳಿಸಿದ್ದನ್ನು, ಇಲ್ಲಿ ಯಾರಾದರೂ ಮನೆಗೆ ಬಂದರೆ ನಾನು ಅದರ ಮೇಲೆ ಟವೆಲ್ ಹೊದಿಸುವುದನ್ನು ಹೇಳಿದೆ. ಅವಳು ಕೆಮ್ಮು ಬರುವಷ್ಟು ನಕ್ಕಳು.

ಚೀಲಕ್ಕೆ ಕೈ ಹಾಕಿದೆ. ಅವ್ವ ನನ್ನ ಮೇಲೆ ಬೇಸರ ಇಟ್ಟುಕೊಂಡು ಹೋದಳೋ ಎಂದು ಕೇಳಿಕೊಂಡೆ. ಹೊರಬಂದದ್ದು ಒಂದರ ಮೇಲೊಂದು ಅಡ್ಡಹಾಯ್ದ ಎರಡು ಗೆರೆ. ಮಾಸ್ತರರು ಕೆಂಪು ಶಾಯಿಯಲ್ಲಿ ಹಾಕುತ್ತಿದ್ದ ಅದೇ ಗುರುತು. ತಪ್ಪು! ತುಂಡನ್ನು ಮೇಜಿನ ಮೇಲಿಟ್ಟು, ಪಾರ್ಸೆಲ್ ತೆಗೆದುಕೊಂಡು, ಕೆಲಸವಿದೆ ಎಂದು ಹೇಳಿ ಬಂದುಬಿಟ್ಟೆ. ವಾರ ಕಳೆದು ಅವಳೇ ಬೇಲಿಯ ಆಚೆಯಿಂದ ಕರೆದು ಏನಾಯಿತೆಂದು ಕೇಳಿದಳು. ಹೇಳಿದೆ.

“ಅಯ್ಯೋ ಹುಡುಗಿ! ಅದು ತಪ್ಪಿನ ಗುರುತಲ್ಲ. ಅದು ಕೊಡುಗೆ. ಒಬ್ಬರು ಕೊಟ್ಟಿದ್ದು, ಇನ್ನೊಬ್ಬರು ತೆಗೆದುಕೊಂಡದ್ದು.”

ಆಮೇಲೆ ಶನಿವಾರಗಳಂದು ಹೋಗತೊಡಗಿದೆ, ಅವಳು ನಂಬುವ ಇಲ್ಲಿನ ಹಳೆಯ ದೇವರುಗಳ ಕಥೆ ಕೇಳತೊಡಗಿದೆ. ಮೈಸೂರಿನವನಾದ ನನ್ನ ಗಂಡ ಬಿಡುವವನೇ? “ಮೂವತ್ತಮೂರು ಕೋಟಿ ಸಾಲ್ದು ಅಂತ ಇಲ್ಲಿಂದ ಬೇರೆ ನಾಲ್ಕು ಜನಾನ ಸೇರಿಸ್ಕೊಂಡ್ಯಾ? ಅವರಿಗೂ ರೆಸಿಡೆನ್ಸ್ ಪರ್ಮಿಟ್ ಮಾಡಿಸ್ಬೇಕಲ್ಲೇ!”

“ಪರ್ಮಿಟ್ ಬೇಕಾಗಿರೋದು ನಮ್ಮ ದೇವ್ರಿಗ್ರೀ. ಅವ್ರು ಈ ಕಡೆಯವ್ರ,” ಎಂದೆ.

ಅವನು ನಕ್ಕ. ಆದರೆ ನಾನು ಮತ್ತೆ ಹಾಸ್ಯಕ್ಕೆ ಹಾಸ್ಯ ಸೇರಿಸುತ್ತಿದ್ದೇನೆಂಬುದನ್ನು ಗಮನಿಸಿದ್ದ ಅನಿಸುತ್ತದೆ. ಮುಂದಿನ ಶನಿವಾರದಿಂದ ಮಾರುಕಟ್ಟೆಗೆ ತಾನೇ ಹೋಗತೊಡಗಿದ.

ಚಳಿಗಾಲ ಶುರುವಾಗುವ ಹೊತ್ತಿಗೆ ತಮ್ಮ ಗುಂಪಿನ ಪೂಜೆಗೆ ಅವಳು ಕರೆದಳು. ಪೂಜೆ ಎಂಬುದು ನನ್ನ ಪದ, ಅವರದು ‘ಬ್ಲೋಟ್’. ಊರಾಚೆಯ ಕಾಡಿನ ಅಂಚಿನಲ್ಲಿ ಮಧ್ಯಾಹ್ನದ ಇಳಿಬಿಸಿಲು. ಎಂಟು ಜನರೋ ಒಂಬತ್ತೋ. ಒಬ್ಬ ಬಸ್ ಚಾಲಕ, ಒಬ್ಬಳು ಶಾಲೆಯ ಟೀಚರು, ಮಿಕ್ಕವರ ಕೆಲಸ ಮರೆತಿದ್ದೇನೆ. ಎಲ್ಲರ ಕಾಲಲ್ಲೂ ಕೆಸರಿನ ಬೂಟು. ಒಂದು ಓಕ್ ಮರದ ಸುತ್ತ ನಿಂತು, ಜೇನಿನಿಂದ ಮಾಡಿದ ಮದ್ಯವನ್ನು ದನದ ಕೊಂಬಿನಲ್ಲಿ ತುಂಬಿ ಸುತ್ತು ಹಾಕಿಸಿದರು. ಕೊಂಬು ಕೈಗೆ ಬಂದವರು ತಮ್ಮ ತೀರಿಹೋದವರೊಬ್ಬರ ಹೆಸರು ಹೇಳಬೇಕು, ಎಲ್ಲರೂ ಅದನ್ನು ತಿರುಗಿ ಹೇಳಬೇಕು, ಹೇಳಿದವರು ಒಂದು ಗುಟುಕು ಕುಡಿದು ಉಳಿದದ್ದರಲ್ಲಿ ಸ್ವಲ್ಪ ಬೇರಿಗೆ ಸುರಿಯಬೇಕು. ನನ್ನ ಮನೆಯಾಚಾರ ಗೊತ್ತಿದ್ದ ನೆರೆಯಾಕೆ ಒಂದು ಮಗ್ಗಿನಲ್ಲಿ ಸೇಬಿನ ರಸ ತಂದಿದ್ದಳು.

ನನ್ನ ಸರದಿ ಬಂತು. ಅವ್ವನ ಹೆಸರು ನಾನು ಅರ್ಜಿಗಳಲ್ಲಿ ಬರೆದಿದ್ದೇನೆಯೇ ಹೊರತು ಬಾಯಿಬಿಟ್ಟು ಹೇಳಿದವಳಲ್ಲ.

“ಅವ್ವ,” ಎಂದೆ.

“ಅವ್ವಾ!” ಎಂದರು ಅಷ್ಟೂ ಜನ, ಗಟ್ಟಿ ದನಿಯಲ್ಲಿ. ಅದು ಅವಳ ಹೆಸರೆಂದು ತಿಳಿದಿದ್ದರು.

ನಾನು ತಿದ್ದಲಿಲ್ಲ. ಮಣ್ಣು ಕೊಡುವ ದಿನ ನಮ್ಮ ಮನೆಯ ಅಂಗಳದಲ್ಲಿ ಈ ಶಬ್ದ ಎಷ್ಟು ಸಲ ಎದ್ದಿತ್ತೋ, ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಇಲ್ಲಿ ಬಿತ್ತು. ಸೇಬಿನ ರಸವನ್ನು ಬೇರಿಗೆ ಸುರಿದೆ, ಒಂದು ಹನಿಯೂ ಉಳಿಸದೆ. ಕುಡಿಯುವುದನ್ನೇ ಮರೆತಿದ್ದೆ. ಮರುದಿನ ಬೆಳಿಗ್ಗೆ ಮನೆಯಲ್ಲಿ ದೀಪ ಹಚ್ಚಿದೆ. ಕೈ ಹಿಂದೆ ಬರಲಿಲ್ಲ. ಇದನ್ನು ದಿನಚರಿಯಲ್ಲಿ ಬರೆದಿದ್ದೇನೆ, ಆದ್ದರಿಂದ ಇದು ಮಾತ್ರ ಖಚಿತ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಇನ್ನೊಂದು ಶನಿವಾರ, ನಾವಿಬ್ಬರೂ ಮೇಜಿಗೆ ಎದುರುಬದುರು ಕೂತಿದ್ದಾಗ, ನಾನು ತೆಗೆದ ತುಂಡಿನಲ್ಲಿ ಇಂಗ್ಲಿಷಿನ ಆರ್ ಅಕ್ಷರದಂಥದ್ದು ಬಂತು.

“ಪ್ರಯಾಣ,” ಎಂದಳು ಅವಳು. “ನೇರವಾಗಿ ಬಂದಿದೆ, ಒಳ್ಳೆಯದು.”

“ನನಗೆ ತಲೆಕೆಳಗಾಗಿ ಕಾಣುತ್ತಿದೆಯಲ್ಲ. ತಲೆಕೆಳಗಾದರೆ ಅರ್ಥ ಬೇರೆ ಎಂದಿರಿ.”

“ಓ, ಹೌದು. ನನ್ನ ಕಡೆಯಿಂದ ನೇರ, ನಿನ್ನ ಕಡೆಯಿಂದ ಉಲ್ಟಾ.”

“ಯಾರ ಕಡೆಯಿಂದ ನೋಡಬೇಕು?”

“ನಿಯಮ ಇಲ್ಲ, ಹೋರ್. ಹಳಬರು ಏನು ಮಾಡುತ್ತಿದ್ದರೋ ಯಾರಿಗೆ ಗೊತ್ತು? ನಡುವೆ ಎಲ್ಲ ಕಡಿದುಹೋಯಿತು. ನಾವು ಅಲ್ಲಲ್ಲಿ ಓದಿ, ಅಂದಾಜಿನಿಂದ ಕಟ್ಟಿಕೊಂಡಿರುವುದು ಇದು.”

ನಮ್ಮಲ್ಲಿ ನಿಯಮ ಇತ್ತು. ದೇವಿ ನಮಗೆ ಎದುರಾಗಿ ಕೂತಿರುತ್ತಾಳೆ, ಬಲ ಎಂದರೆ ಅವಳ ಬಲ, ಅಂದರೆ ನಮ್ಮ ಎಡಗೈ ಕಡೆ. ಮಕ್ಕಳಾಗಿದ್ದಾಗ ನಾವು ತಪ್ಪಿದರೆ ಅವ್ವನೇ ತಿದ್ದುತ್ತಿದ್ದಳು. ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಆ ದಿನವನ್ನು ನೆನೆದೆ. ಜಗಲಿಯ ಎದುರು ಕೂತರೆ ನಮ್ಮ ಎಡಕ್ಕೆ ಕ್ಯಾಲೆಂಡರ್ ತೂಗುವ ಗೋಡೆ, ಬಲಕ್ಕೆ ಹಿತ್ತಲಿನ ಕಿಟಕಿ. ಬಿದ್ದ ಸೇವಂತಿಗೆಯ ಮೇಲೆ ಬಿಸಿಲಿತ್ತು. ಹಳದಿ ಎಂದು ನೆನಪಿರುವುದೇ ಆ ಬಿಸಿಲಿನಿಂದ. ಬಿಸಿಲು ಬರುವುದು ಕಿಟಕಿಯ ಕಡೆ.

ಕಿಟಕಿಯ ಕಡೆ ಎಂದರೆ ದೇವಿಯ ಎಡ.

ಏನೆಂದು ಅವಳು ಕೇಳಿದಳು. ಹೂವಿನ ಕಥೆಯೆಲ್ಲ ಹೇಳಿದೆ. ನನ್ನ ನೆನಪು ಸರಿಯಿದ್ದರೆ ದೇವಿ ಬೇಡ ಎಂದಿದ್ದಳು, ಅವ್ವ ಅದನ್ನು ಬಚ್ಚಿಟ್ಟು ನನ್ನನ್ನು ಕಳಿಸಿದ್ದಳು, ಒಂಬತ್ತು ವರ್ಷ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ಅವಳ ಮಣ್ಣಿಗೆ ನಾನು ಮುಟ್ಟುವುದಿಲ್ಲ ಎಂದು ಅವಳಿಗೆ ಅಂದೇ ಗೊತ್ತಾಗಿತ್ತೇ? ನೆನಪು ತಪ್ಪಿದ್ದರೆ ಇದೆಲ್ಲ ನಾನೇ ಕಟ್ಟಿದ್ದು. ಹಳೆಯ ಮನೆಯನ್ನು ಕೆಡವಿದ್ದಾರೆ, ಹೋಗಿ ನೋಡಲು ಕಿಟಕಿಯೂ ಇಲ್ಲ.

ಅವಳು ತುಂಡುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತಾ, ನನ್ನ ಕಡೆ ನೋಡದೆ ಹೇಳಿದಳು: “ಗಂಡನ ಆಪರೇಷನ್ ದಿನ ಹಳೆಯ ಚೀಲದಿಂದ ಮೂರು ಸಲ ತೆಗೆದೆ. ಮೂರನೆಯದನ್ನು ಮಾತ್ರ ಅವನಿಗೆ ತೋರಿಸಿದೆ.”

ಆ ಭಾನುವಾರ ಚಿಗವ್ವನಿಗೆ ಫೋನ್ ಮಾಡಿದೆ. ಇಲ್ಲಿ ಬೆಳಿಗ್ಗೆ, ಅಲ್ಲಿ ಊಟದ ಹೊತ್ತು. ಚಳಿ ಎಷ್ಟೈತಿ, ರೊಟ್ಟಿ ಬಡೀತಿಯೋ ಇಲ್ಲಾ ಅಂಗಡಿ ಬ್ರೆಡ್ ತಿಂತೀಯೋ ಎಂಬುದೆಲ್ಲ ಆಯಿತು.

“ಚಿಗವ್ವಾ, ಒಂದ್ ಮಾತ ಕೇಳ್ಲೇನು?”

“ಕೇಳವಾ. ಅದಕ್ಕೂ ಅಪ್ಪಣಿ ಬೇಕ?”

“ನಾ ಇಲ್ಲಿಗೆ ಬರೂ ಮುಂದ ಅವ್ವ ಹೂ ಹಚ್ಚಿ ಕೇಳಿದ್ಲಲ್ಲ. ನೀ ಬಾಜೂಕ ಕುಂತಿದ್ದಿ. ಆವತ್ತ ಹೂ ಬಿದ್ದದ್ದು ದೇವಿ ಬಲಕ್ಕೋ, ನಮ್ಮ ಬಲಕ್ಕೋ?”

ಆ ಕಡೆ ಫ್ಯಾನಿನ ಸದ್ದು.

“ಕುಕ್ಕರ್ ಕೂಗಾಕತ್ತೇತಿ ನೋಡವಾ, ಇಡ್ತೀನಿ,” ಎಂದಳು.

ಕುಕ್ಕರ್ ಕೂಗಿದ್ದು ನನಗೆ ಕೇಳಿಸಲಿಲ್ಲ. ಕೇಳಿಸಿರಲೂಬಹುದು. ಆಮೇಲೆ ಎಷ್ಟೋ ಭಾನುವಾರ ಮಾತಾಡಿದ್ದೇವೆ, ಅವಳ ಮೊಣಕಾಲು, ಈ ಸಲದ ಉಪ್ಪಿನಕಾಯಿ, ನನ್ನ ಗಂಡನ ಹೊಟ್ಟೆ ಎಲ್ಲ ಬಂದುಹೋಗಿವೆ. ನನ್ನ ಪ್ರಶ್ನೆ ಮಾತ್ರ ಆ ದಿನ ಎಲ್ಲಿ ಇಟ್ಟಿದ್ದೆನೋ ಅಲ್ಲೇ ಇದೆ: ದೇವಿಯ ಬಲಕ್ಕೋ, ನಮ್ಮ ಬಲಕ್ಕೋ?