ದಾಯೆಂಗ್ ನಪ್ಪಾ ಅವರ ಪಾಲಿನ ಹುಂಜ

ದಾಯೆಂಗ್ ಬೊಲ್ಲೊ ಅವರನ್ನು ನಾನು ಮೊದಲು ನೋಡಿದ್ದು ಹೊಳೆಯ ಮೆಟ್ಟಿಲ ಮೇಲೆ, ಸಫರ್ ತಿಂಗಳ ಹತ್ತನೆಯ ಬೆಳಿಗ್ಗೆ. ಉಟ್ಟ ಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದರು. ಎಡಗೈಯಲ್ಲಿ ಒಂದು ಕೆಂಪು ಹುಂಜದ ರೆಕ್ಕೆಗಳನ್ನು ಒತ್ತಿ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಅದರ ಕಾಲ್ಬೆರಳ ಸಂದುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದರು. ಪಕ್ಕದಲ್ಲಿ ಕಾಲು ಕಟ್ಟಿದ ಹೇಂಟೆಯೊಂದು ಸರದಿ ಕಾಯುತ್ತಿತ್ತು. ನಾನು ಆ ಊರಿನ ಶಾಲೆಗೆ ಬಂದು ಇನ್ನೂ ವಾರವಾಗಿರಲಿಲ್ಲ. ಹಿರಿಯರ ಹೆಸರಿನ ಮುಂದೆ ಗೌರವಕ್ಕೆ 'ದಾಯೆಂಗ್' ಸೇರಿಸಬೇಕೆಂದಷ್ಟೇ ಕಲಿತಿದ್ದೆ.

"ಸುಮ್ನೆ ನಿಂತು ನೋಡೋ ಬದ್ಲು ಈ ಹೇಂಟೆ ಹಿಡ್ಕೊಳ್ಳಿ ಟೀಚರಮ್ಮ," ಎಂದರು. "ಹೇಂಟೆ ನಂದು, ಹುಂಜ ನಮ್ಮ ಮುದುಕಂದು. ನೋಡಿ, ಜಂಬಾನೂ ಅವನದ್ದೇ."

ಇಂಡೋನೇಷ್ಯಾದ ಮಕಾಸ್ಸಾರಿನ ದಕ್ಷಿಣಕ್ಕಿರುವ ಈ ಹೊಳೆಬಾಯಿಯ ಊರಲ್ಲಿ, ಬೇರೆಡೆಗಿಂತ ತಡವಾಗಿ ನಡೆಯುವ ಪ್ರವಾದಿಯ ಹುಟ್ಟುಹಬ್ಬಕ್ಕೆ ಮನೆಯ ಪ್ರತಿ ಜೀವದ ಹೆಸರಿನಲ್ಲಿ ಒಂದು ಬುಟ್ಟಿ ಹೋಗಬೇಕು. ಅದರಲ್ಲಿ ಒಂದು ಅಳತೆ ಅಕ್ಕಿ, ಒಂದು ತೆಂಗಿನಕಾಯಿ, ಒಂದು ಮೊಟ್ಟೆ, ಒಂದು ಕೋಳಿ. ಗಂಡಿಗೆ ಹುಂಜ, ಹೆಣ್ಣಿಗೆ ಹೇಂಟೆ. ತೊಳೆದ ದಿನದಿಂದ ಕೋಳಿ ನಲವತ್ತು ದಿನ ನೆಲ ಮುಟ್ಟದೆ ಗೂಡಿನಲ್ಲಿರಬೇಕು, ಶುದ್ಧವಾದ ಅಕ್ಕಿ, ನೀರು ಬಿಟ್ಟು ಬೇರೇನೂ ತಿನ್ನಬಾರದು. ಪ್ರವಾದಿಯ ಮೇಲಿನ ಪ್ರೀತಿಗೆ ಪ್ರತಿಯೊಬ್ಬರೂ ತಮ್ಮ ಪಾಲಿನಿಂದಲೇ ಸಾಕ್ಷಿ ಹೇಳಬೇಕು ಎಂಬ ನಂಬಿಕೆ ಇಲ್ಲಿಯದು.

ಬೊಲ್ಲೊ ಅವರ ಗಂಡ ದಾಯೆಂಗ್ ನಪ್ಪಾ ಅವರ ಎಡ ಮೈ ಬಿದ್ದುಹೋಗಿ ಎರಡು ವರ್ಷವಾಗಿತ್ತು. ಮಸೀದಿಗೆ ಹೋಗುವಂತಿರಲಿಲ್ಲ, ಉಪವಾಸ ಹಿಡಿಯುವಂತಿರಲಿಲ್ಲ. ಅವರಿಂದ ಸಲ್ಲಬಹುದಾಗಿದ್ದದ್ದು ಆ ಹುಂಜವೊಂದೇ. ಕಂಬಗಳ ಮೇಲೆ ನಿಂತ ಮನೆ. ಗೂಡು ಅವರ ಹಾಸಿಗೆಯ ಕೆಳಗೇ ಇತ್ತು. ನೆಲದ ಬಿದಿರಪಟ್ಟಿಗಳ ಸಂದಿನಿಂದ ಅದರ ಸದ್ದು ಕೇಳುತ್ತಾ ಮಲಗಿರುತ್ತಿದ್ದರು.

ಮೂವತ್ತೊಂದನೆಯ ದಿನ ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಗೂಡಿನ ಬಾಗಿಲು ತೆರೆದಿತ್ತು. ಹುಂಜ ಹೊಳೆಯ ಕೆಸರಿನಲ್ಲಿ ಮೀನಿನ ಕರುಳು ಕುಕ್ಕುತ್ತಿತ್ತು. ಬೊಲ್ಲೊ ಅದನ್ನು ಹಿಡಿದು ತಂದರು, ಆದರೆ ಗೂಡಿಗೆ ಹಾಕದೆ ಹಾಗೇ ನಿಂತರು.

"ನಾನು ಬಿಟ್ರೆ ಯಾರೂ ನೋಡಿಲ್ಲ ದಾಯೆಂಗ್," ಎಂದೆ. "ತೊಳೆದು ಒಳಗೆ ಬಿಡಿ."

"ಯಾರಿಗೆ ಕೊಡೋದು ಅಂತ ಮರೆತ್ರಾ?"

ಮೇಲಿನಿಂದ ತೊದಲು ದನಿ ಬಂತು. "ಬೊಲ್ಲೊ, ನನ್ನ ಹುಂಜ ಪೇಟೆ ಸುತ್ಕೊಂಡು ಬಂತಾ?"

ಅವರಿಗೆ ಎಲ್ಲ ಕೇಳಿಸಿತ್ತು.

ಉಳಿದದ್ದು ಒಂಬತ್ತು ದಿನ. ಊರಿನ ಗೂಡುಗಳಲ್ಲಿದ್ದ ಹುಂಜಗಳಿಗೆಲ್ಲ ಒಬ್ಬೊಬ್ಬರ ಹೆಸರಿತ್ತು. ಬೊಲ್ಲೊ ಮಸೀದಿಯ ಗುರುಗಳ ಹತ್ತಿರ ಹೋದರು, ನಾನೂ ಜೊತೆಗಿದ್ದೆ.

"ನನ್ನ ಹೇಂಟೇನೇ ಅವರ ಹೆಸರಿಗೆ ಹಾಕ್ಲಾ? ನನ್ನ ಬುಟ್ಟಿ ಬೇಡ."

"ನಿನ್ನ ಹೆಸರು ಹೇಳಿ ಗೂಡಿಗೆ ಹಾಕಿದ್ದು, ಅದು ನಿಂದೇ ತಾಯಿ," ಎಂದರು ಗುರುಗಳು. ಚಾಪೆಯ ಅಂಚನ್ನು ನೇವರಿಸಿದರು. "ಮೈ ಸರಿಯಿಲ್ಲದೋನನ್ನ ಆ ದೇವರು ಬಲ್ಲ. ಆದ್ರೆ ದಿನ ಕಮ್ಮಿ ಮಾಡೋಕೆ ನಾನ್ಯಾರು ಹೇಳು."

ಹಬ್ಬದ ದಿನ ಬಣ್ಣದ ಬಟ್ಟೆ, ಮೊಟ್ಟೆಗಳಿಂದ ಸಿಂಗರಿಸಿದ ದೋಣಿಗಳು ಮನೆಮನೆಯ ಬುಟ್ಟಿಗಳನ್ನು ಹೊತ್ತು ಹೊಳೆಯ ದಡದಲ್ಲಿ ಸಾಲಾಗಿ ನಿಂತವು. ಪ್ರವಾದಿಯ ಹೊಗಳಿಕೆಯ ಪಠಣ ನಪ್ಪಾ ಅವರ ಹಾಸಿಗೆಯವರೆಗೂ ಕೇಳುತ್ತಿತ್ತು.

"ನಮ್ಮ ಮನೇದು ಎಷ್ಟು ಬುಟ್ಟಿ?" ಎಂದು ಕೇಳಿದರು.

"ಒಂದು," ಎಂದರು ಬೊಲ್ಲೊ.

ನಪ್ಪಾ ಬಲಗೈಯಿಂದ ಎಡಗೈಯನ್ನು ಎತ್ತಿ ಎದೆಯ ಮೇಲಿಟ್ಟುಕೊಂಡರು. "ಬರೋ ವರ್ಷ ಎರಡು," ಎಂದರು.

ಮರುವರ್ಷ ಬೊಲ್ಲೊ ಗೂಡಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕಾದರು. ಹುಂಜ ನಲವತ್ತು ದಿನವೂ ಶುದ್ಧವಾಗಿ ಉಳಿಯಿತು. ಆದರೆ ಹದಿನೇಳನೆಯ ದಿನ ನಪ್ಪಾ ಅವರಿಗೆ ಮತ್ತೊಮ್ಮೆ ಲಕ್ವ ಹೊಡೆದು ಮಾತು ಪೂರ್ತಿ ನಿಂತುಹೋಯಿತು. ಹಬ್ಬ ಮುಗಿಸಿ ಬಂದ ಬೊಲ್ಲೊ ಅವರ ಕಿವಿಯ ಹತ್ತಿರ ಬಾಗಿ, "ನಿಮ್ಮ ಹುಂಜ ದೋಣಿ ಹತ್ತಿತು," ಎಂದರು. ಮತ್ತೊಮ್ಮೆ ಜೋರಾಗಿ ಹೇಳಿದರು. ನಪ್ಪಾ ಸೂರಿನ ಕಡೆಗೇ ನೋಡುತ್ತಿದ್ದರು.

"ತಿಳೀತಾ ಇವರಿಗೆ ಟೀಚರಮ್ಮ?" ಎಂದು ಬೊಲ್ಲೊ ನನ್ನನ್ನು ಕೇಳಿದರು.

ಬೊಲ್ಲೊ ಈಗ ಬೆಳಿಗ್ಗೆ ಹೊಳೆಬಾಯಿಯಲ್ಲಿ ಕೂಲಿಗೆ ಮೀನು ಒಣಗಿಸುತ್ತಾರೆ. ಮಧ್ಯಾಹ್ನ ಮನೆಗೆ ಬಂದು ಗಂಡನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಾರೆ.